ಪರೀಕ್ಷೆ-ಎರಡು, ಅಳಿಸಬೇಡಿ

ಪರಾಗ್ವೆಯ ವಿಲ್ಯಾರಿಕಾ ಪಕ್ಕದ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಕೋಣೆಗೆ ಸುನಿಲ್ದಾ ಒಕಾಂಪೋಸಳೇ ಯಜಮಾನಿ. ಅಲ್ಲಿ ಕಣ್ಣಿಗೆ ಕಾಣುವುದು ಮೂರೇ ಸರ್ವರ್. ಅವುಗಳ ಹೊಟ್ಟೆಯೊಳಗೆ, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಓರಗಿತ್ತಿಯರ ಹಾಗೆ, ತಂತ್ರಾಂಶದಲ್ಲೇ ಕಟ್ಟಿದ ಮೂವತ್ತೆಂಟು ಕಂಪ್ಯೂಟರುಗಳು, ಅಂದರೆ ವರ್ಚುವಲ್ ಯಂತ್ರಗಳು, ಸಂಸಾರ ಹೂಡಿದ್ದವು.

ಜನವರಿಯಲ್ಲಿ ಜಾಗ ಸಾಲದೆ ಎಲ್ಲವೂ ಏದುಸಿರು ಬಿಡತೊಡಗಿದವು. ಬೇಡದ ಯಂತ್ರಗಳನ್ನು ಅಳಿಸಲು ಸುನಿಲ್ದಾ ಪಟ್ಟಿ ಹಿಡಿದು ಕೂತಳು. ಅದರಲ್ಲೊಂದರ ಹೆಸರು ‘ಪರೀಕ್ಷೆ-ಎರಡು-ಅಳಿಸಬೇಡಿ’. ಹುಟ್ಟಿಸಿದವರು ಯಾರೋ, ಕೆಲಸವೇನೋ, ಬಲ್ಲವರಿಲ್ಲ.

“ಅದರ ತಂಟೆಗೆ ಹೋಗ್ಬೇಡ ತಾಯಿ,” ಎಂದ ಜೊತೆಗಾರ ವಿಲ್ಫ್ರಿದೊ. “ನಾನು ಬಂದಾಗಿಂದ ಅದು ಹಾಗೇ ಬಿದ್ದಿದೆ.”

“ನೀನೂ ಬಂದಾಗಿಂದ ಹಾಗೇ ಬಿದ್ದಿದೀಯ. ನಿನ್ನನ್ನ ಅಳಿಸೋಕಾಗಲ್ಲ, ಇದನ್ನಾದ್ರೂ ನೋಡೋಣ.”

ಎಲ್ಲ ವಿಭಾಗಕ್ಕೂ ಪತ್ರ ಹೋಯಿತು: ಇದು ಯಾರದು? ಚೀಸ್ ವಿಭಾಗದವರು ಮಾತ್ರ ಉತ್ತರಿಸಿದರು: ‘ವಂದನೆಗಳು.’

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವಳು ಆ ಯಂತ್ರವನ್ನು ಇದ್ದ ಸ್ಥಿತಿಯಲ್ಲೇ ಮಲಗಿಸಿ, ಯಾರು ಕಿರುಚುತ್ತಾರೋ ಎಂದು ಕಿವಿಗೊಟ್ಟು ಕೂತಳು. ಹನ್ನೊಂದಾಯಿತು, ಹನ್ನೆರಡಾಯಿತು. ಒಬ್ಬರೂ ಕಮಕ್ ಕಿಮಕ್ ಎನ್ನಲಿಲ್ಲ. ಗೆದ್ದ ಹುರುಪಿನಲ್ಲಿ ತಾನೇ ತಣ್ಣೀರಲ್ಲಿ ಎಲೆ ನೆನೆಸಿ ಕುಡಿಯುವ ತೆರೆರೆ ತುಂಬಿಸಿ ವಿಲ್ಫ್ರಿದೊನ ಕೈಗಿಟ್ಟಳು.

ಹನ್ನೆರಡೂವರೆಗೆ ಬಾಗಿಲು ದಡಾರನೆ ತೆರೆಯಿತು. ಕ್ಯಾಂಟೀನಿನ ಅಡುಗೆಯವಳು ನ್ಯಾ ಬ್ಲಾಸಿಯಾ, ಕೈಯಲ್ಲಿ ಸೌಟು.

“ಏನ್ರೇ, ಇವತ್ತು ಡೇರಿಗೆಲ್ಲಾ ಉಪವಾಸಾನಾ? ಬೋರಿ ಬೋರಿ ಮಾಡಿಟ್ಟು ಕೂತಿದೀನಿ, ಒಂದು ನರಪಿಳ್ಳೆ ಬಂದಿಲ್ಲ! ಸಾರಲ್ಲಿರೋ ಹಿಟ್ಟಿನುಂಡೆ ಉಬ್ಬಿ ಉಬ್ಬಿ ಇವನ ತಲೆಯಷ್ಟಾಗಿದೆ!”

ಆಗ ಸುನಿಲ್ದಾಗೆ ಹೊಳೆಯಿತು: ಊಟಕ್ಕೆ ಕರೆಯುವ ಹನ್ನೆರಡರ ಸೈರನ್ ಕೂಗಿರಲಿಲ್ಲ; ಅದನ್ನು ಕೂಗಿಸುತ್ತಿದ್ದದ್ದು ತಾನು ಮಲಗಿಸಿದ ಆ ಯಂತ್ರವೇ. ಇನ್ನೂರು ಜನ, ಕೈಯಲ್ಲಿ ಗಡಿಯಾರ, ಜೇಬಲ್ಲಿ ಫೋನು, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಸೈರನ್ನಿಗೆ ಕಾಯುತ್ತಿದ್ದರು.

ಯಂತ್ರವನ್ನು ಎಬ್ಬಿಸಿದಳು. ಸೈರನ್ ಉಸಿರೆತ್ತಲಿಲ್ಲ. ಮಲಗಿದಾಗ ಹತ್ತು ಗಂಟೆ. ಎದ್ದಾಗಲೂ ಅದರ ಪಾಲಿಗೆ ಹತ್ತೇ ಗಂಟೆ.

“ಸರಿಯಾದ ಹೊತ್ತು ಹೇಳು ಅದಕ್ಕೆ,” ಎಂದ ವಿಲ್ಫ್ರಿದೊ.

“ಹೇಳಿದ್ರೆ ಹನ್ನೆರಡು ದಾಟಿಹೋಯ್ತು ಅಂತ ಸಂಜೆ ಐದರವರೆಗೂ ಸುಮ್ಮನಿರುತ್ತೆ ಕಣೋ!”

ಕೊನೆಗೆ ಹನ್ನೊಂದು ಐವತ್ತೊಂಬತ್ತು ಎಂದು ಸುಳ್ಳು ಹೇಳಿದಳು. ನಿಮಿಷದಲ್ಲಿ ಸೈರನ್ ಮೊಳಗಿತು, ಜನ ನುಗ್ಗಿದರು. ಬ್ಲಾಸಿಯಾ ಅವಳನ್ನೂ ಬಿಡದೆ ಕೂರಿಸಿ ಎರಡು ತಟ್ಟೆ ಬಡಿಸಿದಳು. ಹೊಟ್ಟೆ ಭಾರದಲ್ಲಿ ಗಡಿಯಾರ ಸರಿಪಡಿಸುವುದೇ ಮರೆತುಹೋಯಿತು. ಸಂಜೆಯ ಸೈರನ್ ಕೂಗಿದಾಗ ಐದೂ ಮುಕ್ಕಾಲು. ಡೇರಿ ಖಾಲಿ. ಊಟಕ್ಕೆ ಸೈರನ್ ಬೇಕೆಂದ ಇನ್ನೂರು ಜನ, ಐದು ಬಡಿದದ್ದೇ ಯಾರ ಅಪ್ಪಣೆಗೂ ಕಾಯದೆ ಮನೆ ಸೇರಿದ್ದರು.

ಆ ವಾರವೇ ಸುನಿಲ್ದಾ ಹಳೆಯದರ ಬದಲು ಸೈರನ್ನಿಗೊಂದು ಪುಟ್ಟ ಹೊಸ ಯಂತ್ರ ಕಟ್ಟಿ, ವಾರಸುದಾರರ ಜಾಗದಲ್ಲಿ ನ್ಯಾ ಬ್ಲಾಸಿಯಾ ಎಂದು ಬರೆದಳು. ಈಗ ದುರಸ್ತಿಗೆ ಅದನ್ನು ನಿಲ್ಲಿಸಬೇಕಾದರೆ ಅಡುಗೆಮನೆಗೆ ಹೋಗಿ ಕೇಳಬೇಕು. “ಇವತ್ತು ಮೀನಿದೆ, ಆಗಲ್ಲ” ಎಂದರೆ, ಆಗುವುದಿಲ್ಲ.