ಚಪ್ಪಾಳೆ ಗಿಟ್ಟಿಸಿದ ಪ್ರಶ್ನೆ

ಗಡಿ ದಾಟುವ ಮುಂಚೆಯೇ ಬಸ್ಸಿನಲ್ಲಿ ಅಪ್ಪುಗೆಯ ತಾಲೀಮು ನಡೆಯಿತು. ಶಾಂತಿಯಾತ್ರೆಗೆ ಹೊರಟ ಚರ್ಚಿನವರಲ್ಲಿ ಯುದ್ಧದಲ್ಲಿ ಮಗನನ್ನು ಕಳೆದುಕೊಂಡವಳು ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕ ಒಬ್ಬಳೇ. ಹಾಗಾಗಿ ವೇದಿಕೆಯ ಮೇಲೆ ಗಡಿಯಾಚೆಯ ವೈರಿ ದೇಶದ ತಾಯಿಯೊಬ್ಬಳನ್ನು ತಬ್ಬಿಕೊಳ್ಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ಹಾಡುವವರ ಗುಂಪಿನ ದಪ್ಪ ದನಿಯ ಹೆಂಗಸು, ಎಲ್ಲರೂ 'ಗಂಟೆ' ಎಂದು ಕರೆಯುವವಳು, ಸೀಟುಗಳ ಮಧ್ಯೆ ನಿಂತು ತಾಲೀಮಿಗೆ ಆ ತಾಯಿಯಾದಳು.

"ಮೆತ್ತಗೆ ಹಿಡ್ಕೋ ಅಕ್ಕಾ, ನಾನೇನು ನೀನು ಹಿಂಡೋ ಬೆಡ್‌ಶೀಟಾ?"

ಬಸ್ಸೆಲ್ಲ ನಕ್ಕಿತು. ಅಕ್ಕನೂ ನಕ್ಕಳು.

ಅವಳಿಗೆ ಬೇಕಾಗಿದ್ದು ಒಂದೇ, ಮಗನನ್ನು ಹೂತ ಜಾಗ. ಯುದ್ಧ ನಿಂತ ಮೇಲೆ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಆ ಕಡೆ ಎಲ್ಲೋ ಹೂತಿದ್ದಾರೆ, ಎಲ್ಲಿ ಅನ್ನೋದನ್ನು ಅವರೇ ಹೇಳಬೇಕು ಎಂದು ಸಾಹೇಬರುಗಳು ಕೈತೊಳೆದುಕೊಂಡಿದ್ದರು. ಪಾದ್ರಿಗಳು ಮಾತ್ರ ಯಾತ್ರೆಗೆ ಬಾ, ದೇವರು ದಾರಿ ತೋರಿಸುತ್ತಾನೆ ಎಂದಿದ್ದರು. ಈಗ ಅದೇ ಪಾದ್ರಿಗಳು ಪಕ್ಕದ ಸೀಟಿಗೆ ಬಂದು ಕೂತು, ವೇದಿಕೆಯಲ್ಲಿ 'ಕ್ಷಮಿಸಿದ್ದೇನೆ' ಅನ್ನುವುದೊಂದು ಬಿಟ್ಟು ಬೇರೆ ಮಾತು ಬೇಡಮ್ಮ ಎಂದು ತಿಳಿಹೇಳಿದರು. ಸತ್ತವರ ಮಾತೆತ್ತಿದರೆ ಅಲ್ಲಿಯ ಸರ್ಕಾರ ಕಾರ್ಯಕ್ರಮ ನಿಲ್ಲಿಸುತ್ತದಂತೆ, ಮುಂದೆ ಯಾರಿಗೂ ವೀಸಾ ಸಿಗುವುದಿಲ್ಲವಂತೆ.

ಸತ್ತವರ ಮಾತೇ ಇಲ್ಲದ ಶಾಂತಿ. ಸೂಟ್‌ಕೇಸಿನಲ್ಲಿ ಮಡಚಿಟ್ಟುಕೊಂಡು ಯಾವ ಗಡಿಯನ್ನಾದರೂ ದಾಟಿಸಬಹುದು.

ಸಭಾಂಗಣದ ಕುರ್ಚಿಗಳಿಗೆ ಬಿಳಿ ಹೊದಿಕೆ ಹಾಕಿದ್ದರು. ಒಗೆದವರು ಸರಿಯಾಗಿ ಜಾಲಿಸದೆ, ಬಟ್ಟೆ ಬೆಳ್ಳಗಾಗಲು ಹಾಕುವ ನೀಲಿ ಗೆರೆ ಗೆರೆಯಾಗಿ ನಿಂತಿತ್ತು. ಆ ಕಡೆಯ ತಾಯಿ ಗಿಡ್ಡ ಹೆಂಗಸು. ವೇದಿಕೆಗೆ ಬಂದರೂ ಕೈಚೀಲ ಕೆಳಗಿಡಲಿಲ್ಲ. ಇಬ್ಬರೂ ತಬ್ಬಿಕೊಂಡರು. ಬೆಳಕು ಸಾಲದು, ಇನ್ನೊಂದು ಸಲ ಆಗಲಿ ಎಂದ ಫೋಟೋದವನು. ಎರಡನೆಯ ಸಲ ತಬ್ಬಿದಾಗ ಅಕ್ಕನ ಎದೆಗೆ ಆ ಹೆಂಗಸಿನ ನಡುಕ ತಗುಲಿತು. ತಡೆಯಲಾಗಲಿಲ್ಲ.

"ನನ್ನ ಮಗನ್ನ ಎಲ್ಲಿ ಹೂತಿದ್ದೀರಮ್ಮಾ? ಜಾಗ ತೋರ್ಸಿ, ಸಾಕು. ನಾನು ಜಗಳಕ್ಕೆ ಬಂದಿಲ್ಲ."

ದುಭಾಷಿ ಹುಡುಗಿ ಒಮ್ಮೆ ಪಾದ್ರಿಗಳ ಮುಖ ನೋಡಿದಳು. ಆಮೇಲೆ ಮೈಕಿನಲ್ಲಿ ಅವರ ಭಾಷೆಯಲ್ಲಿ ಚಿಕ್ಕದೇನೋ ಹೇಳಿದಳು. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಕ್ಕನಿಗೆ ಅರ್ಥವಾಯಿತು. ಇಂಥ ಪ್ರಶ್ನೆಗೆ ಯಾವ ದೇಶದಲ್ಲೂ ಚಪ್ಪಾಳೆ ಬೀಳುವುದಿಲ್ಲ.

ಆ ಹೆಂಗಸು ಅಕ್ಕನ ಮಣಿಕಟ್ಟು ಹಿಡಿದು ಬಹಳ ಹೊತ್ತು ಏನೋ ಹೇಳಿದಳು. ನಮ್ಮ ನಾಡಿಗೆ ಸ್ವಾಗತ ಅಂತಿದ್ದಾರೆ ಎಂದಳು ದುಭಾಷಿ. ಅಷ್ಟುದ್ದದ ಮಾತಿಗೆ ಅಷ್ಟೇ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ದುಭಾಷಿ ಹುಡುಗಿಯನ್ನು ಕೈತೊಳೆಯುವ ಕೋಣೆಯಲ್ಲಿ ಹಿಡಿದಳು.

"ನಾನಂದಿದ್ದನ್ನ ನೀನು ಹೇಳ್ಲಿಲ್ಲ, ಅಲ್ವಾ ಮಗಳೇ?"

ಹುಡುಗಿ ನಲ್ಲಿ ತಿರುಗಿಸಿ, ಹರಿಯುವ ನೀರನ್ನೇ ನೋಡುತ್ತ ನಿಂತಳು. "ಇಲ್ಲಮ್ಮ. ಕ್ಷಮಿಸಿದ್ದಾರೆ ಅಂದೆ. ನನಗೂ ಕೆಲಸ ಉಳಿಬೇಕು."

"ಆಯಮ್ಮ ಏನಂದ್ರು?"

"ಅವರ ಮಗನೂ ನಿಮ್ಮ ಕಡೆಯೇ ಸತ್ತಿದ್ದಂತೆ. ಎಲ್ಲಿ ಹೂತಿದ್ದೀರಿ ಅಂತ ಕೇಳಿದ್ರು."

ಅಕ್ಕ ಅವಳ ರಟ್ಟೆ ಹಿಡಿದು ಎಳೆದಳು. "ಬಾ, ನಡಿ. ಅವಳ ಮಗನ ಹೆಸರು ಕೇಳು. ಊರಿಗೆ ಹೋಗಿ ನಾನು ಹುಡುಕ್ತೀನಿ. ನನ್ನ ಮಗನ್ನ ಅವಳು ಹುಡುಕ್ಲಿ. ಯಾವ ಸರ್ಕಾರಾನೂ ಬೇಡ."

ಇಬ್ಬರೂ ಮೆಟ್ಟಿಲಿಳಿದು ಓಡಿದರು. ಅಂಗಳದಲ್ಲಿ ಇದ್ದದ್ದು ಅಕ್ಕನ ಚರ್ಚಿನವರ ಬಸ್ಸೊಂದೇ. ಆ ಕಡೆಯವರನ್ನು ಆಗಲೇ ಹತ್ತಿಸಿಕೊಂಡು ಹೋಗಿಯಾಗಿತ್ತು.

"ಹೆಸರಾದ್ರೂ ಹೇಳೇ. ಊರು?"

"ನಮಗೆ ಹೆಸರು ಕೊಟ್ಟಿಲ್ಲಮ್ಮ. 'ತಾಯಿ' ಅಂತ ಮಾತ್ರ ಕರೀಬೇಕು ಅಂದಿದ್ರು. ನಿಮ್ಮದನ್ನೂ ಅವರಿಗೆ ಹೇಳಿಲ್ಲ."

ಮುಂದಿನ ಯಾತ್ರೆಯಲ್ಲಿ ಆಕೆ ಸಿಗುತ್ತಾಳಾ ಎಂದು ಅಕ್ಕ ಕೇಳಿದ್ದಕ್ಕೆ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಪ್ರತಿ ಸಲ ಬೇರೆ ತಾಯಿಯನ್ನು ಕರೆತರುತ್ತಾರಂತೆ.

ಪಾದ್ರಿಗಳು ಬಾಗಿಲಲ್ಲಿ ನಿಂತು ಎಲ್ಲರನ್ನೂ ಹತ್ತಿಸುತ್ತಿದ್ದರು. ಮನಸ್ಸು ಹಗುರಾಯಿತಾ ಎಂದು ಕೇಳಿದರು. ಅಕ್ಕ ಹತ್ತಿ ಕಿಟಕಿಯ ಪಕ್ಕ ಕೂತಳು. ಒಳಗೆ ಹಾಡು ಶುರುವಾಯಿತು.

ಊರು ದಾಟಿದ ಮೇಲೆ ದಾರಿಯ ಎರಡೂ ಕಡೆ ಹೊಲಗಳು. ಎಲ್ಲವೂ ಉತ್ತು ಸಮ ಮಾಡಿದವು, ಎಲ್ಲವೂ ಒಂದೇ ಥರದವು. ಇದಿರಬಹುದು, ಇಲ್ಲ, ಅದಿರಬಹುದು ಎಂದು ಅಕ್ಕ ಒಂದನ್ನೂ ಬಿಡದೆ ನೋಡುತ್ತಿದ್ದಳು. ಬಸ್ಸು ಜೋರಾಗಿ ಹೋಗುತ್ತಿತ್ತು. ಬಸ್ಸಿನ ಇನ್ನೊಂದು ಬದಿಯ ಹೊಲಗಳನ್ನು ನೋಡಲು ಅವಳಿಗಾಗುತ್ತಿರಲಿಲ್ಲ.