ಕಾರ್ಡ್ ಕೇಳದ ಗೋಡೆ

ದುಡಿದು ಮನೆಗೆ ಬಂದು, ಕೈಕಾಲು ತೊಳೆದು, ಮತ್ತೆ ಕೆಲಸಕ್ಕೇ ಕೂರುವವರು ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆಯೇ? ನಮ್ಮ ಮನೆಯಲ್ಲಿದ್ದಾರೆ. ನನ್ನ ಗಂಡ ಹಗಲೆಲ್ಲ ಊರಿನ ಲಿಫ್ಟ್‌ಗಳನ್ನು ರಿಪೇರಿ ಮಾಡುತ್ತಾರೆ. ನಮ್ಮ ಕಟ್ಟಡದ ಲಿಫ್ಟ್ ಮಾತ್ರ ಕೆಟ್ಟು ನಿಂತಿದೆ. ಅದರ ಗುತ್ತಿಗೆ ಬೇರೆ ಕಂಪನಿಯದಂತೆ, ಇವರು ಮುಟ್ಟುವ ಹಾಗಿಲ್ಲವಂತೆ. ಲಾಂಡ್ರಿಯ ಕೌಂಟರಿನಲ್ಲಿ ದಿನವಿಡೀ ನಿಂತ ಕಾಲಿನಲ್ಲಿ ಮೆಟ್ಟಿಲು ಹತ್ತುವಾಗ ನಾನು ಇವರನ್ನು ಏನೇನು ಅಂದುಕೊಳ್ಳುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ.

ಸಂಜೆಯ ಕೆಲಸಕ್ಕೆ ಸಂಬಳವಿಲ್ಲ. ಇವರು ‘ಗೋಡೆ’ ಎಂಬ ಪ್ರೋಗ್ರಾಂ ಬರೆದಿದ್ದಾರೆ. ಯಾವ ಗುಂಪಿನವರಾದರೂ ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು, ತಮ್ಮವರಷ್ಟೇ ಬರೆದು ಓದುವ ಜಾಗ ಮಾಡಿಕೊಳ್ಳಬಹುದು. ಪುಕ್ಕಟೆ. ಪ್ರೋಗ್ರಾಮಿನ ಒಳಗೆ ಏನಿದೆ ಎಂಬುದೂ ಗುಟ್ಟಲ್ಲ, ಯಾರು ಬೇಕಾದರೂ ನೋಡಿ ತಿದ್ದಬಹುದು. ಇಂಥದ್ದನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ತೊದಲುವ ಮಕ್ಕಳ ಚಿಕಿತ್ಸಾ ಕೇಂದ್ರವೊಂದು ಗೋಡೆಯನ್ನು ಬಳಸುತ್ತದೆ. ನಮ್ಮ ಮಗಳೂ ಆ ಮಕ್ಕಳಲ್ಲೊಬ್ಬಳು. ಹೊರಗೆ ನಾಲ್ಕು ಮಾತಾಡಲು ಒದ್ದಾಡುವವಳು ಅಲ್ಲಿ ಪುಟಗಟ್ಟಲೆ ಬರೆಯುತ್ತಾಳೆ, ನಗಿಸುತ್ತಾಳೆ, ಜಗಳವನ್ನೂ ಕಾಯುತ್ತಾಳೆ.

ಅಷ್ಟರಲ್ಲಿ ಹೊಸ ಕಾನೂನು ಬಂತು. ಇಂಟರ್ನೆಟ್ಟಿನಲ್ಲಿ ಜನ ಸೇರುವ ಜಾಗಗಳಲ್ಲಿ ವಯಸ್ಸು ಪರೀಕ್ಷಿಸಬೇಕು, ತಪ್ಪಿದರೆ ದಂಡ. ಇವರು ಸುದ್ದಿಯ ತಲೆಬರಹ ಓದಿದರು. ಕಾನೂನು ಓದಲು ಪುರುಸೊತ್ತೆಲ್ಲಿ? ಹೆದರಿಕೊಂಡು ಒಂದೇ ಭಾನುವಾರ ಕೂತು, ಗೋಡೆಗೆ ಬರುವವರೆಲ್ಲ ಗುರುತಿನ ಕಾರ್ಡಿನ ಫೋಟೋ ಹಾಕಲೇಬೇಕು ಎಂದು ಮಾಡಿ, ಗೋಡೆ ಬಳಸುವ ಗುಂಪುಗಳಿಗೆಲ್ಲ ಕಳಿಸಿಬಿಟ್ಟರು. ಅದರ ಕೊನೆಗೆ ಅಭ್ಯಾಸಬಲದಿಂದ ಒಂದು ಸಾಲು ಸೇರಿಸಿದ್ದರು: ‘ತೊಂದರೆಯಾದರೆ ದೂರಿನ ಪುಟದಲ್ಲಿ ಬರೆಯಿರಿ.’

ಈ ಮುಕ್ತ ತಂತ್ರಾಂಶದವರಿಗೆ ದೂರಿನ ಪುಟವೂ ಮುಕ್ತವೇ. ಇಡೀ ಜಗತ್ತು ಓದಬಹುದು. ಅವಸರದ ಕೆಲಸ, ಫೋಟೋ ಸರಿಯಾಗಿ ಸೇರಲಿಲ್ಲ. ಜನ ಏನು ಮಾಡಿದರು? ‘ನನ್ನ ಕಾರ್ಡ್ ತಗೊಳ್ತಾ ಇಲ್ಲ, ನೀವೇ ನೋಡಿ’ ಎಂದು ಆ ಪುಟದಲ್ಲೇ ಕಾರ್ಡಿನ ಫೋಟೋ ಅಂಟಿಸಿದರು. ಮುಖ, ಹುಟ್ಟಿದ ದಿನ, ಮನೆಯ ವಿಳಾಸ, ಎಲ್ಲವೂ ಬಟಾಬಯಲು. ಅವುಗಳಲ್ಲಿ ಅದೇ ಕೇಂದ್ರಕ್ಕೆ ಬರುವ ಮಗಳ ಗೆಳತಿಯ ಕಾರ್ಡೂ ಇತ್ತು. ಇವರು ನೋಡಿ ಅಳಿಸುವಷ್ಟರಲ್ಲಿ, ಆ ಪುಟದ ಸುದ್ದಿ ಬೇಕು ಎಂದು ಹೆಸರು ಕೊಟ್ಟವರಿಗೆಲ್ಲ ಅದರ ಪ್ರತಿ ತಾನಾಗಿಯೇ ಇಮೇಲಿನಲ್ಲಿ ಹೋಗಿಯಾಗಿತ್ತು.

ಗೆಳತಿಯ ತಾಯಿ ಫೋನಿನಲ್ಲಿ ಇವರನ್ನು ಚೆನ್ನಾಗಿ ಬೈದರು.

“ಸಾಕಾಯ್ತು ಕಣೇ. ಗೋಡೇನೇ ಅಳಿಸಿ ಹಾಕ್ತೀನಿ,” ಎಂದರು ಇವರು ಫೋನ್ ಇಟ್ಟ ಮೇಲೆ.

“ಮೊದ್ಲು ಆ ಕೆಲ್ಸ ಮಾಡಿ. ಮಾಡೋದು ಪುಗಸಟ್ಟೆ ಚಾಕರಿ, ಅದಕ್ಕೆ ಬೈಗುಳ ಬೇರೆ,” ಎಂದೆ. ನನಗೂ ಸಾಕುಸಾಕಾಗಿತ್ತು.

ಮಗಳು ಬಾಗಿಲಲ್ಲೇ ನಿಂತಿದ್ದಳು.

“ಅಪ್ಪಾ, ಅ... ಅಲ್ಲಿ...” ಎಂದಳು. ನಾವು ಕಾದೆವು. “ಅಲ್ಲಿ ಯಾರೂ ನನ್ನ ಮಾತನ್ನ ತಾವೇ ಮು... ಮುಗಿಸೋಕೆ ಬರಲ್ಲ.”

ಅಷ್ಟು ಹೇಳಿ ಒಳಗೆ ಹೋದಳು. ಅಳಿಸಿ ಎಂದಿದ್ದು ತಪ್ಪೆನಿಸಿತು. ಹಾಗಂತ ದಂಡ ಕಟ್ಟುವ ಶಕ್ತಿ ನಮಗೆಲ್ಲಿದೆ? ದಿಕ್ಕು ತೋಚದೆ ನನ್ನ ಓರಗಿತ್ತಿಗೆ ಫೋನ್ ಮಾಡಿದೆ. ಅವರು ವಕೀಲರು.

ಮರುದಿನ ಸಂಜೆ ಅವರು ಏದುಸಿರು ಬಿಡುತ್ತಾ ಬಂದು ಕುರ್ಚಿಯಲ್ಲಿ ಕುಸಿದರು.

“ಊರೋರನ್ನೆಲ್ಲ ಲಿಫ್ಟಲ್ಲಿ ಹತ್ತಿಸ್ತೀಯ, ಅತ್ತಿಗೆಗೆ ಮೆಟ್ಟಿಲೇ ಗತಿ!” ಎಂದು ಮೈದುನನಿಗೆ ಚುಚ್ಚಿದರು. ನೀರು ಕುಡಿದು ಕೇಳಿದರು, “ಕಾನೂನು ಓದಿದ್ಯಾ?”

“ಪೇಪರಲ್ಲಿ ಬಂದಿತ್ತಲ್ಲ ಅತ್ತಿಗೆ.”

“ಪೇಪರಲ್ಲಿ ಬಂದಿದ್ದು ಸುದ್ದಿ ಕಣಪ್ಪಾ, ಕಾನೂನಲ್ಲ. ನಾನು ಓದ್ಕೊಂಡು ಬಂದಿದೀನಿ. ನೀನು ಲಿಫ್ಟ್ ರಿಪೇರಿ ಮಾಡಿ ಬಂದ್ಮೇಲೆ, ಅದ್ರಲ್ಲಿ ಯಾರು ಹತ್ತಿದ್ರು ಅಂತ ನೋಡ್ಕೊಳೋರು ಯಾರು?”

“ಕಟ್ಟಡದೋರು.”

“ಇಲ್ಲೂ ಹೆಚ್ಚುಕಮ್ಮಿ ಹಾಗೇ. ಹೊಣೆ ಜಾಗ ನಡೆಸೋರ ಮೇಲಿದೆ. ಅಂದ್ರೆ ಕೇಂದ್ರದೋರ ಮೇಲೆ. ಅವರೋ ಮಕ್ಕಳನ್ನ ಕಣ್ಣಾರೆ ನೋಡಿ, ಅಪ್ಪ ಅಮ್ಮನ್ನ ಕೇಳೇ ಸೇರಿಸ್ಕೊಳೋದು. ಅವರಿಗೆ ನಿನ್ನ ಕಾರ್ಡ್ ಯಾಕಪ್ಪ ಬೇಕು?”

“ಹಾಗಾದ್ರೆ ಇವರಿಗೇನೂ ಆಗಲ್ವಾ ಅಕ್ಕಾ?” ನಾನು ಕೇಳಿದೆ.

“ಅಷ್ಟು ಸಲೀಸಾಗಿ ಹೇಳಕ್ಕಾಗಲ್ಲಮ್ಮ. ಒಂದು ಕಡೆ ‘ಸಾಧನ ಒದಗಿಸಿದವರು’ ಅಂತಾನೂ ಬರೆದಿದಾರೆ. ಪುಕ್ಕಟೆ ಬರೆದು ಹಂಚೋರೂ ಅದ್ರಲ್ಲಿ ಬರ್ತಾರಾ? ಸ್ಪಷ್ಟ ಇಲ್ಲ. ನಿಯಮ ಇನ್ನೂ ಪಕ್ಕಾ ಆಗಿಲ್ಲ, ಜನರ ಅಭಿಪ್ರಾಯ ಕೇಳಿದಾರೆ. ಈಗ್ಲೇ ಬರೀಬೇಕು.”

“ನಾನು ಬರೆದ್ರೆ ಯಾರು ಓದ್ತಾರೆ ಅತ್ತಿಗೆ?” ಗಂಡ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

“ನೀನೊಬ್ನೇ ಬರೆದ್ರೆ ಮೂಲೆ ಸೇರುತ್ತೆ. ನಿನ್ನ ಥರ ಬರೆಯೋರು ಊರೂರಲ್ಲೂ ಇದಾರೆ, ಎಲ್ಲ ಸೇರಿ ಬರೀರಿ. ಬಳಸೋರನ್ನೂ ಸೇರಿಸ್ಕೊಳಿ. ಕೂಗಾಡಬೇಡಿ. ಬರೆಯೋರು ಬೇರೆ, ನಡೆಸೋರು ಬೇರೆ ಅನ್ನೋದನ್ನ ಬಿಡಿಸಿ ಹೇಳಿ.”

ನನಗೆ ಸಮಾಧಾನವಾಗಲಿಲ್ಲ. “ಮಕ್ಕಳನ್ನ ಕಾಯೋದು ತಪ್ಪಾ ಅಕ್ಕಾ? ನಾನೂ ಹೆತ್ತವಳೇ, ನನಗೂ ಭಯ ಇದೆ.”

“ತಪ್ಪು ಅಂತ ಯಾರಂದ್ರು? ಆದ್ರೆ ಮಕ್ಕಳನ್ನ ಕಾಯಕ್ಕೆ ಹೊರಟು ಆ ಹುಡುಗಿ ವಿಳಾಸ ಊರಿಗೆಲ್ಲ ಹಂಚಿದ್ದು ಯಾರು?” “ನಾನೇ,” ಎಂದರು ಗಂಡ. ಅಕ್ಕನ ದನಿ ಮೆತ್ತಗಾಯಿತು. “ನಿನ್ನ ಹತ್ರ ಇಲ್ದೇ ಇರೋದು ಸೋರಿ ಹೋಗಲ್ಲ. ವಯಸ್ಸು ನೋಡ್ಲೇಬೇಕಾಗಿ ಬಂದ್ರೆ, ಇಷ್ಟು ವಯಸ್ಸಾಗಿದೆಯಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು. ಅಷ್ಟನ್ನ ಕೇಳೋ ಏರ್ಪಾಡನ್ನ, ನಡೆಸೋರು ತಮಗೆ ಬೇಕಿದ್ರೆ ಹಾಕ್ಕೊಳ್ಳೋ ಹಾಗೆ ಮಾಡಿಕೊಡು. ಕಾರ್ಡು ಗೀರ್ಡು ಅಂತ ಮಾತ್ರ ಮುಟ್ಟಬೇಡ.”

ಆ ವಾರವೇ ಇವರು ಕಾರ್ಡಿನ ಏರ್ಪಾಡನ್ನು ಕಿತ್ತುಹಾಕಿದರು. ಕಾರ್ಡ್ ಹೊರಬಿದ್ದವರಿಗೆಲ್ಲ ಏನು ಹೊರಬಿತ್ತು, ಯಾರಿಗೆ ಹೋಯಿತು ಎಂದು ಮುಚ್ಚುಮರೆಯಿಲ್ಲದೆ ಬರೆದು ಕ್ಷಮೆ ಕೇಳಿದರು. ಇಮೇಲ್ ಪಡೆದವರನ್ನು ಅಳಿಸಿ ಎಂದು ಬೇಡಿಕೊಂಡರು. ಬೇರೆ ಊರುಗಳಲ್ಲಿ ಇಂಥದ್ದೇ ಕೆಲಸ ಮಾಡುವವರಿಗೆ ಒಬ್ಬೊಬ್ಬರಿಗೂ ಬರೆದರು. ಅವರಲ್ಲಿ ಒಬ್ಬಾಕೆ ಭಯಕ್ಕೆ ತನ್ನದನ್ನು ಆಗಲೇ ಅಳಿಸಿಬಿಟ್ಟಿದ್ದರಂತೆ. ‘ಸ್ವಲ್ಪ ಮೊದಲು ಹೇಳಬಾರದಿತ್ತೇ’ ಎಂದು ಆಕೆ ಬರೆದಿದ್ದನ್ನು ಓದಿ ಇವರು ಅವತ್ತು ಊಟಕ್ಕೇ ಏಳಲಿಲ್ಲ.

ಎಲ್ಲರೂ ಸೇರಿ ಬರೆದ ಮನವಿ ಹೋಗಿದೆ. ಮಗಳೂ ಅವಳ ಗುಂಪಿನವರೂ ಬೇರೆಯಾಗಿ ತಮ್ಮದೇ ಒಂದು ಬರೆದರು. ಅಳಿಸಿ ಎಂದಿದ್ದ ನಾನೂ ತಾಯಿಯಾಗಿ ನನ್ನ ಮಾತು ಬರೆದೆ. ಉತ್ತರ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ, ದೇವರೇ ಬಲ್ಲ. ಗೋಡೆಯಂತೂ ನಿಂತಿದೆ. ಮಗಳು ದಿನಾ ಅಲ್ಲಿ ಬರೆಯುತ್ತಾಳೆ. ಅವಳ ಗೆಳತಿಯನ್ನು ಮಾತ್ರ ಆ ತಾಯಿ ಇನ್ನೂ ಗೋಡೆಯ ಕಡೆಗೆ ಬಿಡುತ್ತಿಲ್ಲ. ನಾವು ಅವರನ್ನು ದೂರುವ ಹಾಗೂ ಇಲ್ಲ.

ಪುಕ್ಕಟೆ ಪ್ರೋಗ್ರಾಂ ಬರೆಯುವ ಅಣ್ಣಂದಿರೇ, ಅಕ್ಕಂದಿರೇ, ಕಾನೂನು ಒಂದೊಂದು ಕಡೆ ಒಂದೊಂದು ಥರ. ತಲೆಬರಹ ನೋಡಿ ಹೆದರಬೇಡಿ, ಪೂರ್ತಿ ಓದಿ, ತಿಳಿದವರನ್ನು ಕೇಳಿ. ಜನರ ಕಾರ್ಡು ಕೂಡಿಹಾಕಬೇಡಿ. ಅಭಿಪ್ರಾಯ ಕೇಳಿದಾಗ ಒಬ್ಬರೇ ಗೊಣಗದೆ ಜೊತೆಗೂಡಿ ಹೇಳಿ. ನೀವು ದಣಿದಿದ್ದೀರಿ, ಬಲ್ಲೆ. ಅಂಥವರ ಜೊತೆ ಸಂಸಾರ ಮಾಡಿದವಳು ನಾನು. ಸುಸ್ತಾದರೆ ಎಲ್ಲ ಹಾಗೇ ಬಿಟ್ಟು ಮಲಗಿ, ಯಾರೂ ಬೈಯುವುದಿಲ್ಲ. ಆದರೆ ಅಳಿಸಿ ಮಲಗಬೇಡಿ. ಬೆಳಿಗ್ಗೆ ಎದ್ದು ಅಲ್ಲಿಗೆ ಬರುವ ಮಕ್ಕಳಿದ್ದಾರೆ.