ಹೊಡೆದುಹಾಕಿದ ಒಂದು ಶಬ್ದ

ತಂಗಿ ಊರಿನ ಕೌನ್ಸಿಲ್ ಚುನಾವಣೆಗೆ ನಿಂತದ್ದೇ ಅಕ್ಕನ ಹಟದಿಂದ. ತಂಗಿ ಮನೆಯ ಮುಂದಿನ ಕೋಣೆಯಲ್ಲಿ ಮೂವರು ಹೆಂಗಸರನ್ನು ಇಟ್ಟುಕೊಂಡು ಹೊಲಿಗೆ ಮಾಡುತ್ತಿದ್ದಳು. ಅಕ್ಕ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಕೂತರೆ ಸಂಜೆಯವರೆಗೆ ಎದ್ದೇಳುವಂತಿರಲಿಲ್ಲ. ಅಲ್ಲಿ ಕೂರುವ ಮೂವತ್ತು ಹೆಂಗಸರಿಗೆ ಒಂದೇ ಒಂದು ಶೌಚಾಲಯವೂ ಇರಲಿಲ್ಲ. ಗಂಡಸರಿಗೆ ಗೋಡೆಯಿತ್ತು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಹಿಂದಿನ ವರ್ಷ ಸೋಂಕು ಕಿಡ್ನಿಗೆ ಏರಿ ಅಕ್ಕ ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. "ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕಮ್ಮ" ಎಂದರು ಡಾಕ್ಟರು.

"ಕುಡಿಯೋಕೇನು ಸಾರ್, ಕುಡಿದದ್ದನ್ನ ಎಲ್ಲಿ ಬಿಡಲಿ? ನಿಮ್ಮ ಟೇಬಲ್ ಕೆಳಗಾ?" ಎಂದು ಅಕ್ಕ ಕೇಳಿದ್ದಳು.

ಅದೇ ಅಕ್ಕ ಬುಟ್ಟಿ ಪಕ್ಕಕ್ಕಿಟ್ಟು ಮನೆಮನೆ ತಿರುಗಿದಳು. ಮಾರುಕಟ್ಟೆಯ ಬಟ್ಟೆ ಅಂಗಡಿಯವನು ಮೈಕು ಕಟ್ಟಿದ ಆಟೋ ಕೊಟ್ಟ. ತಂಗಿ ಹತ್ತೊಂಬತ್ತು ವೋಟಿನಲ್ಲಿ ಗೆದ್ದಳು.

ಮೊದಲ ದಿನ ಕೌನ್ಸಿಲ್ ಕಚೇರಿಯ ಗುಮಾಸ್ತ ಒಂದು ಹಾಳೆ ಮುಂದಿಟ್ಟ. "ನಿಮ್ಮ ವಾರ್ಡಿನ ಮೂರು ಆದ್ಯತೆ ಬರೀರಿ ಮೇಡಂ. ಮೊದಲನೇದು ಬಿಟ್ರೆ ಯಾರೂ ಓದಲ್ಲ."

ಅವಳು ಮೂರು ಸಾಲಿನಲ್ಲೂ ಒಂದೇ ಮಾತು ಬರೆದಳು: ಮಾರುಕಟ್ಟೆಯಲ್ಲಿ ಮಹಿಳೆಯರ ಶೌಚಾಲಯ.

"ಒಂದನ್ನೇ ಮೂರು ಸಲ ಬರೆದಿದ್ದೀರಲ್ಲ?"

"ಯಾವುದನ್ನ ಓದಿದ್ರೂ ಅದೇ ಸಿಗಲಿ ಅಂತ."

ಸಭೆಯಲ್ಲಿ ಅಧ್ಯಕ್ಷರು ಮೇಜು ತಟ್ಟಿ ಮೆಚ್ಚಿದರು. ತಕರಾರು ಶುರುವಾದದ್ದು ಜಾಗ ಅಳೆಯಲು ಹೋದಾಗ. ಖಾಲಿಯಿದ್ದ ಮೂಲೆ ಬಟ್ಟೆ ಅಂಗಡಿಯ ಹಿಂಬಾಗಿಲಿಗೆ ಹತ್ತಿರವಿತ್ತು. ಇನ್ನೊಂದು ಕಡೆ ನೋಡಿದರೆ ಹಾಲಿನ ಡಿಪೋದವನು ಅಡ್ಡ ನಿಂತ, ಮತ್ತೊಂದು ಕಡೆ ಹಣ್ಣಿನ ಅಂಗಡಿಯವನು. ಬೇಡವೆಂದು ಯಾರೂ ಹೇಳಲಿಲ್ಲ. ಎಲ್ಲರಿಗೂ ಬೇಕು, ಪಕ್ಕದವನ ಪಕ್ಕದಲ್ಲಿ ಬೇಕು. ಕೊನೆಗೆ ಮೊದಲಿನ ಮೂಲೆಯೇ ಗತಿಯಾಯಿತು.

ಅಂದು ಮಧ್ಯಾಹ್ನ ಬಟ್ಟೆ ಅಂಗಡಿಯವನು ತಂಗಿಯ ಮನೆಗೆ ಬಂದು, ಹೊಲಿಗೆ ಯಂತ್ರಗಳ ನಡುವೆ ಕುರ್ಚಿ ಎಳೆದುಕೊಂಡು ಕೂತ. ಅಲ್ಲಿ ರಾಶಿ ಬಿದ್ದಿದ್ದ ಬಟ್ಟೆಯೆಲ್ಲ ಅವನ ಅಂಗಡಿಯದೇ.

"ನೋಡು ತಂಗಿ, ಹೆಂಗಸರ ಕಷ್ಟ ನನಗೂ ಗೊತ್ತು. ನನ್ನ ಗಿರಾಕಿಗಳು ಮೂಗು ಮುಚ್ಕೊಂಡು ಸೀರೆ ಆರಿಸಬೇಕಾ ಹೇಳು?" ಒಂದು ರವಿಕೆ ಎತ್ತಿ ಹೊಲಿಗೆ ನೋಡಿದ. "ಚೆನ್ನಾಗಿ ಹೊಲೀತೀಯ. ಆದರೆ ಊರಲ್ಲಿ ಹೊಲಿಯೋರು ಬೇಕಾದಷ್ಟು ಜನ ಇದ್ದಾರೆ."

ಮೂರೂ ಯಂತ್ರಗಳು ನಿಂತವು. ಹೆಂಗಸರು ಅವಳ ಮುಖ ನೋಡಿದರು.

ಮರುದಿನ ಅಧ್ಯಕ್ಷರು ಕಡತ ತೆರೆದರು. "ಜಾಗದ ತಕರಾರು ಇದ್ರೆ ಅನುದಾನ ವಾಪಸ್ ಹೋಗುತ್ತೆ ಮೇಡಂ. ಸದ್ಯಕ್ಕೆ ಮಹಿಳೆಯರ ಶೌಚಾಲಯ ಅಂತಷ್ಟೇ ಇರಲಿ." ಹಾಗೆಂದು 'ಮಾರುಕಟ್ಟೆಯಲ್ಲಿ' ಎಂಬ ಶಬ್ದದ ಮೇಲೆ ಗೆರೆ ಎಳೆದರು. ಆ ಗೆರೆಯ ಅರ್ಥ ಅವಳಿಗೆ ತಿಳಿಯಿತು. ತಿಳಿಯದವಳಂತೆ ಸಹಿ ಹಾಕಿದಳು.

ನಾಲ್ಕು ತಿಂಗಳಲ್ಲಿ ಶೌಚಾಲಯ ತಯಾರಾಯಿತು, ಕೌನ್ಸಿಲ್ ಕಟ್ಟಡದ ಮೊದಲ ಮಹಡಿಯಲ್ಲಿ, ಅಧ್ಯಕ್ಷರ ಕೋಣೆಯ ಪಕ್ಕ. ಬಿಳಿ ಟೈಲ್ಸು, ಉದ್ದದ ಕನ್ನಡಿ. ಬಳಸುವವರು ಇಬ್ಬರು ಸದಸ್ಯೆಯರು. ಪತ್ರಿಕೆಯಲ್ಲಿ ಅವಳ ಫೋಟೊ ಬಂತು. ಕೆಳಗೆ 'ಮಾತು ಉಳಿಸಿಕೊಂಡ ಸದಸ್ಯೆ' ಎಂದಿತ್ತು.

ಸಂಜೆ ಅಕ್ಕ ಬಂದವಳು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಗುಮಾಸ್ತ ಎಲ್ಲಾ ಹೇಳಿದ. ಆ ಶಬ್ದ ಹೊಡೆದುಹಾಕಿದಾಗ ನೀನು ನೋಡಿದ್ಯೋ ಇಲ್ವೋ?"

"ನೋಡಿದೆ ಅಕ್ಕ."

"ಮತ್ತೆ ಬಾಯಲ್ಲಿ ಏನು ಇಟ್ಕೊಂಡಿದ್ದೆ?"

"ಹೊಲಿಗೆ ನಿಂತುಹೋದ್ರೆ ಈ ಮೂರು ಮನೆ ಒಲೆ ಹೊತ್ತಲ್ಲ ಕಣೇ. ನನ್ನ ಮನೇದೂ ಸೇರಿ ನಾಲ್ಕು. ಮುಂದಿನ ವರ್ಷ ಹೇಗಾದ್ರೂ ಮಾಡಿ..."

"ನೀನು ಮಾಡಲ್ಲ. ಇವತ್ತು ಹೆದರಿದೋಳು ಮುಂದಿನ ವರ್ಷ ಧೈರ್ಯ ಎಲ್ಲಿಂದ ತರ್ತೀಯ?" ಅಕ್ಕನ ದನಿ ಏರಲಿಲ್ಲ. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಅದು ಬೇರೆಯೋರ ವಿಷಯ ಅಂದ್ಕೊಂಡಿದ್ದೆ. ಒಡಹುಟ್ಟಿದೋಳೂ ಹಾಗೇ ಅಂತ ಗೊತ್ತಿರಲಿಲ್ಲ."

ಬೇಸಿಗೆಯಲ್ಲಿ ಅಕ್ಕನಿಗೆ ಮತ್ತೆ ಅದೇ ಸೋಂಕಿನಿಂದ ಚಳಿಜ್ವರ ಬಂದು ಆಸ್ಪತ್ರೆಗೆ ಸೇರಿಸಿದರು. ಮನೆಯವರು ಯಾರೂ ತಂಗಿಗೆ ತಿಳಿಸಲಿಲ್ಲ. "ನಿಮ್ಮಕ್ಕ ಹೇಗಿದ್ದಾರೆ ಮೇಡಂ?" ಎಂದು ಗುಮಾಸ್ತ ಕೇಳಿದಾಗಲೇ ಅವಳಿಗೆ ಗೊತ್ತಾದದ್ದು. ಓಡಿದಳು. ಅಷ್ಟರಲ್ಲಿ ಅಕ್ಕನನ್ನು ಮನೆಗೆ ಕಳಿಸಿಯಾಗಿತ್ತು. ಮನೆಗೆ ಹೋದರೆ ಬಾಗಿಲಿಗೆ ಬೀಗ; ಅಕ್ಕ ಮಾರುಕಟ್ಟೆಯಲ್ಲಿದ್ದಳು.

ಇಳಿದುಹೋದ ಮುಖ, ಒಣಗಿದ ತುಟಿ. ತಕ್ಕಡಿ ಹಿಡಿದು ತೂಗುತ್ತಿದ್ದಳು. ಅಕ್ಕ ತಲೆಯೆತ್ತಿದಳು.

"ಏನು ಕೊಡಲಿ ಮೇಡಂ?"

"ಅಕ್ಕಾ..."

"ಬೀನ್ಸ್ ತಾಜಾ ಇದೆ. ಬೇಕಾದ್ರೆ ಹೇಳಿ, ಇಲ್ಲಾಂದ್ರೆ ಹಿಂದಿನೋರಿಗೆ ಜಾಗ ಬಿಡಿ."

ಅವಳ ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವಳು ಅರ್ಧ ಕಿಲೋ ಬೀನ್ಸ್ ಕೇಳಿದಳು.